ನೂರಕ್ಕೆ ತೊಂಬತ್ತೊಂದು ಸಾವು!

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಿಮಗೆ ನೆನಪಾಗುವುದು ದೀಪ ಹಿಡಿದು ಗಾಯಾಳುಗಳ ನಡುವೆ ಸುಳಿದಾಡುವ ದಾದಿಯ ಚಿತ್ರ. ನಮ್ಮ ಪಾಠಗಳೂ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. ಆದರೆ ಆಕೆ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯೂ ಹೌದು. ಶುಶ್ರೂಷೆಯನ್ನು ಇಡೀ ಸಮುದಾಯದ ಆರೋಗ್ಯದೊಂದಿಗೆ ಜೋಡಿಸಿದ ಆಕೆಯ ಬರಹಗಳನ್ನು ನರ್ಸಿಂಗ್ ವಿದ್ಯಾರ್ಥಿಗಳು ಓದಲೇಬೇಕು. ಕೈಮುಗಿದು ಓದಿದರೆ ಸಾಲದು, ಲೆಕ್ಕ ಮಾಡುತ್ತ ಓದಬೇಕು.

ಆಕೆಯ ‘ನೋಟ್ಸ್ ಆನ್ ಹಾಸ್ಪಿಟಲ್ಸ್’ ಪುಸ್ತಕದ 1863ರ ಆವೃತ್ತಿಯಲ್ಲಿ ಒಂದು ಕೋಷ್ಟಕವಿದೆ. ಅದನ್ನು ಸಿದ್ಧಪಡಿಸಿದವರು ಆಕೆಯ ಮಿತ್ರ, ಹೆಸರಾಂತ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್. ಇಂಗ್ಲೆಂಡಿನ 106 ಆಸ್ಪತ್ರೆಗಳ 1861ರ ಮಾಹಿತಿ ಅದರಲ್ಲಿದೆ. ಲಂಡನ್ನಿನ 24 ಆಸ್ಪತ್ರೆಗಳಲ್ಲಿ ರೋಗಿಗಳು 4,214, ಸಾವುಗಳು 3,828. ಅಂದರೆ ಶೇಕಡ 90.84. ಜಿಲ್ಲಾ ಕೇಂದ್ರಗಳ ಮತ್ತು ಮುಖ್ಯ ಪಟ್ಟಣಗಳ 25 ಆಸ್ಪತ್ರೆಗಳಲ್ಲಿ ಇದು ಶೇಕಡ 39.41 ಮಾತ್ರ. ದೊಡ್ಡ ನಗರದ ಕಿಕ್ಕಿರಿದ ಆಸ್ಪತ್ರೆಗಳೇ ರೋಗಿಗಳನ್ನು ಕೊಲ್ಲುತ್ತಿವೆ ಎಂಬ ವಾದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಸ್ವಲ್ಪ ತಾಳಿ. ಲಂಡನ್ನಿನ ಆಸ್ಪತ್ರೆ ಸೇರಿದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ನಿಜಕ್ಕೂ ಸತ್ತರೇ? ಇಲ್ಲ. ಭಿನ್ನರಾಶಿಯ ಛೇದವನ್ನು ನೋಡಿ. 3,828 ಎಂಬುದು ಇಡೀ ವರ್ಷದ ಸಾವುಗಳ ಸಂಖ್ಯೆ. 4,214 ಎಂಬುದು 1861ರ ಏಪ್ರಿಲ್ 8ರಂದು, ಆ ಒಂದೇ ದಿನ, ಹಾಸಿಗೆಯಲ್ಲಿದ್ದವರ ಸಂಖ್ಯೆ! ವರ್ಷವಿಡೀ ಬಂದು ಹೋದವರು ಛೇದದಲ್ಲಿ ಇಲ್ಲವೇ ಇಲ್ಲ.

ಇದರ ಪರಿಣಾಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ‘ಅ’ ಮತ್ತು ‘ಬ’ ಎಂಬ ಎರಡು ಆಸ್ಪತ್ರೆಗಳಿವೆ. ಎರಡರಲ್ಲೂ ಸದಾ ತುಂಬಿರುವ ನೂರು ಹಾಸಿಗೆಗಳು. ಎರಡರಲ್ಲೂ ದಾಖಲಾದ ಹತ್ತು ಮಂದಿಯಲ್ಲಿ ಒಬ್ಬರು ಸಾಯುತ್ತಾರೆ. ‘ಅ’ದಲ್ಲಿ ರೋಗಿ ಸರಾಸರಿ 73 ದಿನ ಇರುತ್ತಾನೆ. ಆದ್ದರಿಂದ ವರ್ಷಕ್ಕೆ 500 ರೋಗಿಗಳು, 50 ಸಾವು. ‘ಬ’ದಲ್ಲಿ ಮೂವತ್ತಾರೂವರೆ ದಿನ, ವರ್ಷಕ್ಕೆ 1,000 ರೋಗಿಗಳು, 100 ಸಾವು. ಫಾರ್ ಅವರ ಲೆಕ್ಕದಲ್ಲಿ ‘ಅ’ದ ಮರಣ ಪ್ರಮಾಣ ಶೇಕಡ 50, ‘ಬ’ದ್ದು ಶೇಕಡ 100! ರೋಗಿಗಳನ್ನು ಬೇಗ ಮನೆಗೆ ಕಳಿಸಿದ ಆಸ್ಪತ್ರೆಗೇ ಕೆಟ್ಟ ಹೆಸರು.

ಹಾಗಾದರೆ ಆ ಸಂಖ್ಯೆ ಸುಳ್ಳೇ? ಅಲ್ಲ. ಹಾಸಿಗೆಯೊಂದಕ್ಕೆ ವರ್ಷಕ್ಕೆ ಎಷ್ಟು ಸಾವು ಎಂಬುದನ್ನು ಅದು ಸರಿಯಾಗಿಯೇ ಹೇಳುತ್ತದೆ. ಎಪಿಡೆಮಿಯಾಲಜಿಯಲ್ಲಿ ಇದಕ್ಕೆ ‘ದರ’ ಎನ್ನುತ್ತಾರೆ. ದಾಖಲಾದ ಒಬ್ಬ ರೋಗಿ ಸಾಯುವ ಸಂಭವ ಎಷ್ಟು ಎಂಬುದು ‘ಅಪಾಯ ಪ್ರಮಾಣ’. ಒಂದನ್ನು ಇನ್ನೊಂದೆಂದು ಓದಿಸಿದ್ದೇ ಕೋಷ್ಟಕದ ದೋಷ. ಇನ್ನೊಂದು ಕೊರತೆಯೂ ಇದೆ. ರೋಗಿಗಳ ವಯಸ್ಸು, ಕಾಯಿಲೆಯ ತೀವ್ರತೆ ಇಲ್ಲಿ ಲೆಕ್ಕಕ್ಕೆ ಬಂದಿಲ್ಲ. ಭೂಸೇನೆ ಮತ್ತು ನೌಕಾಸೇನೆಯ 13 ಆಸ್ಪತ್ರೆಗಳ ಶೇಕಡ 15.67ನ್ನು ಲಂಡನ್ನಿನೊಂದಿಗೆ ಹೋಲಿಸುವುದೆಂದರೆ, ದೇಹದಾರ್ಢ್ಯ ನೋಡಿ ಆರಿಸಿದ ಯುವಕರನ್ನು ನಗರದ ಬಡ ರೋಗಿಗಳೊಂದಿಗೆ ತೂಗಿದಂತೆ.

ಬ್ರಿಸ್ಟೋ, ಹೋಮ್ಸ್ ಮೊದಲಾದ ವೈದ್ಯರು ಆ ಕಾಲದಲ್ಲೇ ಈ ಲೆಕ್ಕವನ್ನು ಆಕ್ಷೇಪಿಸಿದ್ದರು. ನೈಟಿಂಗೇಲರಿಗೆ ನ್ಯಾಯ ಸಲ್ಲಿಸುವ ಮಾತನ್ನೂ ಹೇಳಬೇಕು. ವಯಸ್ಸು, ಲಿಂಗ, ಕಾಯಿಲೆ, ಆಸ್ಪತ್ರೆಯಲ್ಲಿದ್ದ ಅವಧಿ ಇವನ್ನೆಲ್ಲ ಒಂದೇ ನಮೂನೆಯಲ್ಲಿ ಎಲ್ಲ ಆಸ್ಪತ್ರೆಗಳೂ ದಾಖಲಿಸಬೇಕೆಂದು ಒತ್ತಾಯಿಸಿದವರು ಆಕೆಯೇ. ಆ ನಮೂನೆಗಳು 1860ರ ಲಂಡನ್ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಮುಂದೆ ಬಂದಿದ್ದವು. ತನ್ನ ಕೋಷ್ಟಕವನ್ನು ತಿದ್ದುವ ಸಾಧನವನ್ನು ಆಕೆಯೇ ಒದಗಿಸಿದ್ದರು.

ಇಂದು ತೀವ್ರ ನಿಗಾ ಘಟಕದ ಹೊಣೆ ಹೊತ್ತ ನರ್ಸ್ ಒಬ್ಬರ ಮುಂದೆ ‘ಶೇಕಡ ಇಷ್ಟು ಸಾವು’ ಎಂಬ ವರದಿ ಬರುತ್ತದೆ. ಅದನ್ನು ನೆಚ್ಚಿ ಒಂದು ಪದ್ಧತಿಯನ್ನು ಬಿಡಬಹುದು, ಒಂದು ವಾರ್ಡನ್ನು ದೂಷಿಸಬಹುದು. ಶಿಕ್ಷಕರೇ, ಈ ಕೋಷ್ಟಕವನ್ನು ಕಪ್ಪುಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆ ಕೇಳಿ: ಎಷ್ಟು ಜನರಲ್ಲಿ? ಎಷ್ಟು ಕಾಲದಲ್ಲಿ? ಎಂಥವರಲ್ಲಿ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಯಾವ ಶೇಕಡವನ್ನೂ ನಂಬಬೇಕಾಗಿಲ್ಲ.