ಗುಬ್ಬಿಯ ನಾಟಕ, ಗುಬ್ಬಿಯ ಹೆಲಿಕಾಪ್ಟರ್ ಮತ್ತು ‘ರನ್‌ವೇ 34’

ಗುಬ್ಬಿ ಅಂದ ಕೂಡಲೇ ನಮ್ಮ ಅಜ್ಜ-ಅಜ್ಜಿಯರ ತಲೆಮಾರಿಗೆ ನೆನಪಾಗುತ್ತಿದ್ದದ್ದು ನಾಟಕ ಕಂಪನಿ. 1884ರಲ್ಲಿ ಶುರುವಾಗಿ, ಮುಂದೆ ಗುಬ್ಬಿ ವೀರಣ್ಣನವರ ಕೈಗೆ ಬಂದು, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ಇಳಿಸಿದ ಕಂಪನಿ ಅದು. ಈಗ ತುಮಕೂರು ದಾಟಿ ಆ ಕಡೆ ಹೋದರೆ ಮಾತು ಬೇರೆ. 2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಅಲ್ಲಿ ತಯಾರಾಗಬೇಕಾದ ಲೈಟ್ ಯುಟಿಲಿಟಿ ಹೆಲಿಕಾಪ್ಟರ್ ಮೂರು ಟನ್ ವರ್ಗದ್ದು, ಒಂದೇ ಎಂಜಿನ್, ಒಳಗೆ ಗ್ಲಾಸ್ ಕಾಕ್‌ಪಿಟ್. ಅಂದರೆ ಹಳೆಯ ಮುಳ್ಳಿನ ಮೀಟರುಗಳ ಬದಲು ಪರದೆಗಳು.

ಎರಡು ಗುಬ್ಬಿಗಳೂ ನಮ್ಮವೇ. ಆದರೆ ಪೈಲಟ್ ಒಬ್ಬನನ್ನು ಹೇಗೆ ನೋಡಬೇಕು ಅನ್ನೋ ವಿಷಯಕ್ಕೆ ಬಂದರೆ ಇವೆರಡಕ್ಕೂ ಹೊಂದಾಣಿಕೆ ಆಗಲ್ಲ. ನಾಟಕದ ಗುಬ್ಬಿಗೆ ನಾಯಕ ಬೇಕು. ಮಳೆ, ಗುಡುಗು, ಸಾವು ಎದುರಿಗಿದ್ದರೂ ತನ್ನ ಎದೆಯೊಳಗಿನ ದನಿ ಕೇಳಿ ನುಗ್ಗುವವನು. ಹೆಲಿಕಾಪ್ಟರಿನ ಗುಬ್ಬಿಗೆ ಬೇಕಾಗಿರುವುದು ಮೋಡದೊಳಗೆ ಆ ಎದೆಯೊಳಗಿನ ದನಿಯನ್ನೇ ನಂಬದ ಮನುಷ್ಯ. ಅಜಯ್ ದೇವಗನ್ ನಿರ್ದೇಶಿಸಿ ನಟಿಸಿದ ‘ರನ್‌ವೇ 34’ (2022) ನೋಡಿದ ಮೇಲೆ ಈ ಜಗಳದ ಬಗ್ಗೆ ಬರೀಬೇಕು ಅನ್ನಿಸಿತು. ಯಾಕಂದ್ರೆ ನಮ್ಮಲ್ಲಿ ಕಣ್ಣು ಕಾಣದ ಹವೆಯಲ್ಲಿನ ಹಾರಾಟದ ಬಗ್ಗೆ ಬಂದಿರುವ ದೊಡ್ಡ ಬಜೆಟ್ಟಿನ ಸಿನಿಮಾಗಳೇ ಅಪರೂಪ. ಇದು ಪೂರ್ತಿಯಾಗಿ ನಾಟಕದ ಗುಬ್ಬಿಯ ಕಡೆಗೆ ನಿಂತುಬಿಟ್ಟಿದೆ.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ದುಬೈನಿಂದ ಕೊಚ್ಚಿಗೆ ಹೊರಟ ವಿಮಾನ. ಕ್ಯಾಪ್ಟನ್ ವಿಕ್ರಾಂತ್ ಖನ್ನಾ (ದೇವಗನ್) ಹಿಂದಿನ ರಾತ್ರಿ ಪಾರ್ಟಿ ಮಾಡಿ ಬಂದವನು. ಪಕ್ಕದಲ್ಲಿ ಫಸ್ಟ್ ಆಫೀಸರ್ ತಾನ್ಯಾ (ರಕುಲ್ ಪ್ರೀತ್ ಸಿಂಗ್). ಕೊಚ್ಚಿಯಲ್ಲಿ ಬಿರುಗಾಳಿ, ಇಳಿಯೋಕಾಗಲ್ಲ. ಹವೆ ಚೆನ್ನಾಗಿರುವ ಬೆಂಗಳೂರಿಗೆ ಹೋಗೋಣ ಅನ್ನುವುದು ತಾನ್ಯಾಳ ಸಲಹೆ. ಕ್ಯಾಪ್ಟನ್ ತಿರುವನಂತಪುರ ಅನ್ನುತ್ತಾನೆ. ಅಲ್ಲಿಯೂ ಮಳೆ, ಟ್ಯಾಂಕಿನಲ್ಲಿ ಇಂಧನ ತಳ ಕಾಣ್ತಿದೆ. ಕೊನೆಗೆ ಏನೂ ಕಾಣದ ಸ್ಥಿತಿಯಲ್ಲಿ ವಿಮಾನ ಇಳಿಯುತ್ತದೆ, ಎಲ್ಲರೂ ಬದುಕುತ್ತಾರೆ. ದ್ವಿತೀಯಾರ್ಧ ಪೂರ್ತಿ ವಿಚಾರಣೆ. ತನಿಖಾಧಿಕಾರಿ ಅಮಿತಾಭ್ ಬಚ್ಚನ್. ಇದಕ್ಕೆ ಪ್ರೇರಣೆ 2015ರ ಆಗಸ್ಟ್‌ನಲ್ಲಿ ದೋಹಾದಿಂದ ಕೊಚ್ಚಿಗೆ ಬಂದು, ಕೊನೆಗೆ ತಿರುವನಂತಪುರದಲ್ಲಿ ಇಳಿದ ಜೆಟ್ ಏರ್‌ವೇಸ್ ವಿಮಾನದ ಘಟನೆ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಮೊದಲರ್ಧದಲ್ಲಿ ಉಸಿರು ಬಿಡೋಕೆ ಆಗಲ್ಲ. ಗಾಜಿನ ಆಚೆ ಏನೂ ಇಲ್ಲದಿರುವಿಕೆಯನ್ನು ಕ್ಯಾಮೆರಾ ಚೆನ್ನಾಗಿ ಹಿಡಿದಿದೆ. ರಕುಲ್ ಮುಖದ ಮೇಲಿನ ಭಯ ನಟನೆ ಅನ್ನಿಸೋದಿಲ್ಲ. ನಾಯಕನಿಗೂ ದೋಷ ಇದೆ ಅಂತ ಒಪ್ಪಿಕೊಳ್ಳುವ ಧೈರ್ಯ ಚಿತ್ರಕತೆಗೆ ಇದೆ.

ಸಮಸ್ಯೆ ಇರೋದು ಬೇರೆ ಕಡೆ. ವಿಕ್ರಾಂತನಿಗೆ ಸಿನಿಮಾ ಒಂದು ವರ ಕೊಟ್ಟಿದೆ: ಒಮ್ಮೆ ನೋಡಿದ್ದನ್ನು ಮರೆಯದ ಫೋಟೋಗ್ರಾಫಿಕ್ ಮೆಮೊರಿ. ತನ್ನ ಭಾರವನ್ನೆಲ್ಲ ಸಿನಿಮಾ ಆ ವರದ ಮೇಲೆ ಹಾಕುತ್ತದೆ. ಕಾಕ್‌ಪಿಟ್ಟಿನ ಉಪಕರಣಗಳು ಇಲ್ಲಿ ಇರೋದು ನಮ್ಮನ್ನು ಹೆದರಿಸೋಕೆ ಮಾತ್ರ. ಕೆಂಪು ದೀಪ ಮಿನುಗಬೇಕು, ಅಲಾರಂ ಕೂಗಬೇಕು, ನಾಯಕನ ಹಣೆ ಬೆವರಬೇಕು. ಆ ಪರದೆ ಏನು ಹೇಳ್ತಿದೆ, ಅದನ್ನು ಓದುವುದು ಯಾಕೆ ಕಷ್ಟ ಅನ್ನೋದು ನೋಡುಗನಿಗೆ ತಿಳಿಯುವುದೇ ಇಲ್ಲ. ನಿಜವಾದ ನಾಟಕ ನಡೆಯೋದು ಅಲ್ಲೇ ಅಲ್ವಾ?

ಸ್ವಲ್ಪ ಕಿವಿಯ ವಿಷಯ ಮಾತಾಡೋಣ. ಒಳಕಿವಿಯಲ್ಲಿ ಮೂರು ಅರ್ಧವರ್ತುಲದ ನಾಳಗಳಿವೆ, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅದರಿಂದ ಮೆದುಳಿಗೆ ‘ತಿರುಗ್ತಿದ್ದೀವಿ’ ಅಂತ ಸುದ್ದಿ ಹೋಗುತ್ತದೆ. ಆದರೆ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡ್ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೆ ತಿರುಗತೊಡಗುತ್ತದೆ. ಆಗ ಕಿವಿ ಹೇಳೋದು: ‘ನೇರ ಹೋಗ್ತಿದ್ದೀವಿ.’ ಈಗ ಪೈಲಟ್ ವಿಮಾನವನ್ನು ನಿಜವಾಗಿ ನೇರ ಮಾಡಿದರೆ ಕಿವಿ ಚೀರುತ್ತದೆ: ‘ಅಯ್ಯೋ, ಆ ಕಡೆ ವಾಲ್ತಿದ್ದೀವಿ!’ ಅವನು ಕಿವಿಯ ಮಾತು ಕೇಳಿ ಮತ್ತೆ ಹಳೆಯ ತಿರುವಿಗೇ ಹೋಗ್ತಾನೆ. ವಿಮಾನ ಸುತ್ತುತ್ತಾ ಕೆಳಗಿಳಿಯುತ್ತದೆ, ಒಳಗಿರೋನಿಗೆ ಎಲ್ಲ ಸರಿಯಾಗಿದೆ ಅನ್ನಿಸ್ತಾ ಇರುತ್ತದೆ. ತೀರಾ ನಿಧಾನವಾಗಿ ವಾಲಿದರಂತೂ ಕಿವಿಗೆ ಗೊತ್ತೇ ಆಗಲ್ಲ. ಹೊರಗೆ ದಿಗಂತ ಕಾಣುವಾಗ ಕಣ್ಣು ಇದನ್ನೆಲ್ಲ ತಿದ್ದುತ್ತದೆ. ಮೋಡದಲ್ಲಿ, ಕತ್ತಲ ಕಡಲಿನ ಮೇಲೆ, ಮಂಜಿನಲ್ಲಿ ತಿದ್ದೋರು ಯಾರೂ ಇಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಪೇಷಿಯಲ್ ಡಿಸ್‌ಓರಿಯೆಂಟೇಶನ್ ಅಂತಾರೆ. ನಮ್ಮಲ್ಲಿ ‘ದಿಗ್ಭ್ರಮೆ’ ಅನ್ನೋ ಪದ ಮೊದಲೇ ಇದೆ. ಪತ್ರಿಕೆಯವರು ಅದನ್ನು ‘ಆಘಾತ’ ಅನ್ನೋ ಅರ್ಥದಲ್ಲಿ ಬಳಸಿ ಸವೆಸಿಬಿಟ್ಟಿದ್ದಾರೆ. ಬಿಡಿಸಿ ಓದಿದರೆ ದಿಕ್ಕಿನ ಭ್ರಮೆ. ಇದಕ್ಕಿಂತ ಸರಿಯಾದ ಪದ ಬೇಕಾ?

ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಕಾಲದಿಂದ ಹೆಸರುವಾಸಿ. ಡಿಸೆಂಬರಿನ ಮುಂಜಾನೆ ಮಂಜು ಕವಿದಾಗ ಅಲ್ಲಿನ ಒಂದು ಕುದುರೆಯ ಲಗಾಮು ಸಡಿಲಬಿಟ್ಟರೆ ಸವಾರ ಬೀಳುವುದಿಲ್ಲ. ಕುದುರೆಯ ನಾಲ್ಕೂ ಕಾಲು ನೆಲದ ಮೇಲಿವೆ, ಮೇಲೆ ಯಾವುದು, ಕೆಳಗೆ ಯಾವುದು ಅಂತ ನೆಲ ಹೇಳುತ್ತಲೇ ಇರುತ್ತದೆ. ನಮ್ಮ ಕಿವಿ, ಸೊಂಟ, ಬೆನ್ನುಹುರಿ ಎಲ್ಲ ತಯಾರಾಗಿದ್ದು ಆ ನೆಲಕ್ಕೆ. ‘ಗಟ್ ಫೀಲಿಂಗ್’ ಅಂತ ನಾವು ಮೀಟಿಂಗುಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳೋದು ಇದನ್ನೇ. ನೆಲದ ಮೇಲೆ ಅದಕ್ಕೆ ಬೆಲೆ ಇದೆ. ಮೋಡದೊಳಗೆ ಅದೇ ಕೊಲ್ಲುತ್ತದೆ.

ಎಷ್ಟು ಬೇಗ ಕೊಲ್ಲುತ್ತದೆ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಮಂದಿಗೆ ಹೊರಗಿನ ನೋಟ ಮರೆಮಾಡಿದರು. ಇಪ್ಪತ್ತಕ್ಕೆ ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ. ಈ ಭ್ರಮೆಯನ್ನು ಓದಿ ತಿಳಿದರೆ ಸಾಲದು, ಮೈಗೆ ಅನುಭವವಾಗಬೇಕು ಅಂತಲೇ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಸಿಮ್ಯುಲೇಟರಿನಲ್ಲಿ ಕೂರಿಸಿ ಬೇಕಂತಲೇ ದಾರಿ ತಪ್ಪಿಸುತ್ತಾರೆ. ನಿನ್ನ ದೇಹ ಸುಳ್ಳು ಹೇಳುತ್ತದೆ ಅನ್ನೋದು ಅಲ್ಲಿನ ಪಾಠ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಈ ಪಾಠ ಸಿನಿಮಾ ನೋಡುವ ನಮಗೂ ಬೇಕು. 2021ರ ಡಿಸೆಂಬರ್ 8 ನೆನಪು ಮಾಡಿಕೊಳ್ಳಿ. ಸೂಲೂರಿನಿಂದ ವೆಲಿಂಗ್ಟನ್‌ಗೆ ಹೊರಟಿದ್ದ ಎಂಐ-17 ಹೆಲಿಕಾಪ್ಟರ್ ಕೂನೂರಿನ ಬಳಿ ಬಿತ್ತು. ಜನರಲ್ ಬಿಪಿನ್ ರಾವತ್ ಸೇರಿ 13 ಮಂದಿ ಅಂದೇ ಹೋದರು. ಉಳಿದಿದ್ದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಡಿಸೆಂಬರ್ 15ಕ್ಕೆ ತೀರಿಕೊಂಡರು. ರೈಲು ಹಳಿಯ ಮೇಲಿದ್ದ ಪ್ರವಾಸಿಗರ ಮೊಬೈಲ್ ವಿಡಿಯೋ ನೀವೂ ನೋಡಿರ್ತೀರಿ. ಹೆಲಿಕಾಪ್ಟರ್ ಮಂಜಿನೊಳಗೆ ಹೋಗುತ್ತದೆ, ಆಮೇಲೆ ಕಾಣೋದಿಲ್ಲ. ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ್ದೇನು? ಸಂಚು, ವಿದೇಶಿ ಕೈವಾಡ. 2022ರ ಜನವರಿ 14ರಂದು ವಾಯುಪಡೆ ತನಿಖೆಯ ಪ್ರಾಥಮಿಕ ಫಲಿತಾಂಶ ಹೇಳಿತು: ವಿಧ್ವಂಸಕ ಕೃತ್ಯವಲ್ಲ, ಯಂತ್ರದ ದೋಷವಲ್ಲ, ನಿರ್ಲಕ್ಷ್ಯವೂ ಅಲ್ಲ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಮೋಡದೊಳಗೆ ಹೋದದ್ದರಿಂದ ಪೈಲಟ್‌ಗೆ ದಿಗ್ಭ್ರಮೆ, ಅದರಿಂದ ನೆಲಕ್ಕೆ ಅಪ್ಪಳಿಕೆ. 2024ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯ ವರದಿಯ ಪಟ್ಟಿಯಲ್ಲಿ ಇದೇ ಅಪಘಾತದ ಎದುರಿಗೆ ಇದ್ದದ್ದು ‘ಮಾನವ ದೋಷ’ ಅನ್ನೋ ಚುಟುಕು ನಮೂದು. ಆ ಎರಡು ಪದ ಹಿಡಿದು ‘ಪೈಲಟ್ ತಪ್ಪಂತೆ’ ಅಂತ ಮತ್ತೊಂದು ಸುತ್ತು ಚರ್ಚೆ.

ಸಂಚು ಇಲ್ಲದಿದ್ದರೆ ತಪ್ಪು, ಖಳ ಇಲ್ಲದಿದ್ದರೆ ನಾಯಕ. ನಮ್ಮ ಹತ್ತಿರ ಇರೋದು ಇವೇ ಎರಡು ಮೂರು ಪಾತ್ರಗಳು. ಒಳಕಿವಿಯ ಒಂದು ಹನಿ ದ್ರವಕ್ಕೆ ಈ ಕತೆಗಳಲ್ಲಿ ಜಾಗವೇ ಇಲ್ಲ. ‘ರನ್‌ವೇ 34’ ಮೇಲೆ ನನ್ನ ಮುಖ್ಯ ತಕರಾರು ಇದು. ಮೊದಲರ್ಧದಲ್ಲಿ ನಾಯಕನನ್ನು ಕಟ್ಟಿ, ಎರಡನೆಯ ಅರ್ಧದಲ್ಲಿ ‘ಇವನು ನಾಯಕನೋ, ಅಪರಾಧಿಯೋ’ ಅಂತ ವಾದ ಮಾಡಿಸುತ್ತದೆ. ಮೂರನೆಯ ಸಾಧ್ಯತೆ ಅದಕ್ಕೆ ಹೊಳೆಯೋದೇ ಇಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಹಾಗಾದ್ರೆ ಉಪಕರಣವನ್ನು ಕಣ್ಣು ಮುಚ್ಚಿ ನಂಬಿಬಿಟ್ಟರೆ ಆಯ್ತಾ? ಆಗಲ್ಲ. 1978ರ ಜನವರಿ 1ರ ರಾತ್ರಿ ಬಾಂಬೆಯಿಂದ ದುಬೈಗೆ ಹೊರಟ ಏರ್ ಇಂಡಿಯಾದ ‘ಎಂಪರರ್ ಅಶೋಕ’ ಮೇಲೇರಿ ಎರಡು ನಿಮಿಷವಾಗುವ ಮೊದಲೇ ಸಮುದ್ರಕ್ಕೆ ಬಿತ್ತು. 213 ಮಂದಿ, ಒಬ್ಬರೂ ಉಳಿಯಲಿಲ್ಲ. ಬಲಕ್ಕೆ ತಿರುಗಿ ವಿಮಾನ ನೇರವಾಗಿತ್ತು. ಆದರೆ ಕ್ಯಾಪ್ಟನ್ ಎದುರಿನ ಕೃತಕ ದಿಗಂತದ ಉಪಕರಣ ಕೆಟ್ಟು, ಇನ್ನೂ ಬಲಕ್ಕೇ ವಾಲಿದಂತೆ ತೋರಿಸುತ್ತಿತ್ತು. ಹೊರಗೆ ಕತ್ತಲ ಕಡಲು, ದಿಗಂತ ಇಲ್ಲ. ಅವರು ಎಡಕ್ಕೆ ತಿರುಗಿಸುತ್ತಲೇ ಹೋದರು. ಕೋ-ಪೈಲಟ್ ಎದುರಿಗೆ ಅಂಥದ್ದೇ ಇನ್ನೊಂದು ಉಪಕರಣ ಇತ್ತು, ನಡುವೆ ಮೂರನೆಯದೊಂದು ಇತ್ತು. ‘ಅದನ್ನು ನೋಡಬೇಡಿ’ ಅಂತ ಫ್ಲೈಟ್ ಎಂಜಿನಿಯರ್ ಎಚ್ಚರಿಸಿದ್ದು ಧ್ವನಿಮುದ್ರಣದಲ್ಲಿ ಉಳಿದಿದೆ. ಹೊತ್ತು ಮೀರಿತ್ತು.

ಹಾಗಾಗಿ ನಂಬಿಕೆ ಅನ್ನೋದು ಒಂದು ಉಪಕರಣದ ಮೇಲಲ್ಲ. ಮೂರನ್ನು ನೋಡಿ, ಒಂದಕ್ಕೊಂದು ತಾಳೆ ಹಾಕಿ, ಹೊಂದದ್ದನ್ನು ಬದಿಗಿಟ್ಟು, ಉಳಿದದ್ದನ್ನು ನಂಬುವುದು. ಇದು ಭಕ್ತಿಯಲ್ಲ, ಲೆಕ್ಕ ತಪಾಸಣೆ. ನೋಡುವುದನ್ನೇ ನಿಲ್ಲಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರೇ ಸಾಕ್ಷಿ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ಹಳೆಯ ಏರ್‌ಪೋರ್ಟಿನ ರನ್‌ವೇ ತಲುಪುವ ಮೊದಲೇ ಬಿತ್ತು. 146 ಜನರಲ್ಲಿ 92 ಮಂದಿ ಸತ್ತರು. ಹಗಲು, ಶುಭ್ರ ಆಕಾಶ. ಎಂಜಿನ್ ಐಡಲ್‌ನಲ್ಲಿರುವ ಮೋಡ್‌ನಲ್ಲಿ ವಿಮಾನ ಇಳಿಯುತ್ತಿತ್ತು, ವೇಗ ಕುಸಿಯುತ್ತಿದ್ದದ್ದು ಗಮನಕ್ಕೆ ಬಂದಾಗ ತಡವಾಗಿತ್ತು.

ಈಗ ತಾನ್ಯಾ ಕಡೆಗೆ ವಾಪಸ್ ಬರೋಣ. ನನ್ನ ಲೆಕ್ಕದಲ್ಲಿ ಕಾಕ್‌ಪಿಟ್ಟಿನ ಎರಡನೆಯ ಕುರ್ಚಿಯೂ ಒಂದು ಉಪಕರಣವೇ. ತಾಳೆ ನೋಡಲು ಇರುವ ಇನ್ನೊಂದು ಜೋಡಿ ಕಣ್ಣು, ಇನ್ನೊಂದು ಮೆದುಳು. ಮಂಗಳೂರಿನ 2010ರ ಮೇ 22ನ್ನು ಮರೆಯೋಕಾಗುತ್ತಾ? ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಟೇಬಲ್‌ಟಾಪ್ ರನ್‌ವೇ ದಾಟಿ ಹೋಗಿ 158 ಮಂದಿ ಸತ್ತರು, 8 ಮಂದಿ ಉಳಿದರು. ಅಲ್ಲಿ ಮಂಜಿನ ಸಮಸ್ಯೆ ಇರಲಿಲ್ಲ. ತನಿಖಾ ವರದಿಯ ಪ್ರಕಾರ ‘ಗೋ ಅರೌಂಡ್’, ಅಂದರೆ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಅಂತ ಫಸ್ಟ್ ಆಫೀಸರ್ ಮೂರು ಸಲ ಹೇಳಿದ್ದರು. ಆ ಉಪಕರಣ ಸರಿಯಾಗಿಯೇ ಕೆಲಸ ಮಾಡ್ತಿತ್ತು. ಯಾರೂ ಓದಲಿಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡು ‘ರನ್‌ವೇ 34’ ನೋಡಿದರೆ, ಸಿನಿಮಾದಲ್ಲಿ ಸರಿಯಾದ ಮಾತು ಹೇಳಿದ್ದು ತಾನ್ಯಾ: ಬೆಂಗಳೂರಿಗೆ ಹೋಗೋಣ. ಆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮುಂದೆ ಅವಳ ಪಾಲಿಗೆ ಉಳಿಯೋದು ನಡುಗುವುದು, ಅಳುವುದು, ಕ್ಯಾಪ್ಟನ್ನನ್ನು ಬೆರಗಿನಿಂದ ನೋಡುವುದು. ವಿಚಾರಣೆಯಲ್ಲಾದರೂ ‘ಅವಳ ಮಾತು ಯಾಕೆ ಕೇಳಲಿಲ್ಲ’ ಅನ್ನೋದು ಕೇಂದ್ರ ಪ್ರಶ್ನೆ ಆಗಬೇಕಿತ್ತು. ಆದರೆ ಅದು ಎರಡು ದೊಡ್ಡ ಸ್ಟಾರ್‌ಗಳ ಮುಖಾಮುಖಿಯಾಗಿ ಮುಗಿಯುತ್ತದೆ. ತಾನ್ಯಾಳ ಕುರ್ಚಿಯಿಂದ ಇದೇ ಕತೆ ಹೇಳಿದ್ದರೆ ನಮಗೆ ಒಂದು ದೊಡ್ಡ ಸಿನಿಮಾ ಸಿಗುತ್ತಿತ್ತು. ಸೀನಿಯರ್ ತಪ್ಪು ದಾರಿ ಹಿಡಿದಾಗ ಜೂನಿಯರ್ ಎಷ್ಟು ಗಟ್ಟಿಯಾಗಿ ಮಾತಾಡಬಹುದು ಅನ್ನೋದು ನಮ್ಮ ಆಫೀಸುಗಳಲ್ಲಿ ದಿನಾ ಏಳುವ ಪ್ರಶ್ನೆಯೂ ಹೌದು.

ಉಪಕರಣದಲ್ಲಿ ನಾಟಕೀಯತೆ ಇಲ್ಲ ಅನ್ನೋದನ್ನೂ ನಾನು ಒಪ್ಪಲ್ಲ. 1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿ ಜಿಮ್ಮಿ ಡೂಲಿಟಲ್ ಕಾಕ್‌ಪಿಟ್ಟಿಗೆ ಮುಸುಕು ಹಾಕಿಸಿಕೊಂಡು, ಬರೀ ಉಪಕರಣ ನೋಡಿಕೊಂಡು ಮೇಲೇರಿ, ಸುತ್ತಿ, ಇಳಿದ. ಮೈಯೊಳಗಿನ ದನಿಯನ್ನೆಲ್ಲ ಸುಮ್ಮನಿರಿಸಿ ಒಂದು ಗಾಜಿನ ಬಿಲ್ಲೆಯನ್ನು ನಂಬಿ ಕೂತ ಮನುಷ್ಯನ ಎದೆಬಡಿತ ಯಾವ ಬಿರುಗಾಳಿಗಿಂತ ಕಡಿಮೆ? ಇವತ್ತು ದೇವನಹಳ್ಳಿಯ ದಕ್ಷಿಣ ರನ್‌ವೇಯಲ್ಲಿ ಕ್ಯಾಟ್-3ಬಿ ವ್ಯವಸ್ಥೆ ಇದೆ. ತಕ್ಕ ವಿಮಾನ, ತಕ್ಕ ತರಬೇತಿ ಇದ್ದರೆ ಬರೀ 50 ಮೀಟರ್ ಕಾಣುವ ಮಂಜಿನಲ್ಲೂ ಇಳಿಯಬಹುದು. ಅಲ್ಲಿ ಅದ್ಭುತ ಜ್ಞಾಪಕಶಕ್ತಿಯ ನಾಯಕನ ಅಗತ್ಯ ಇಲ್ಲ.

ಸಿನಿಮಾ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಮೊದಲರ್ಧ ನೋಡಿ, ದೇವಗನ್ ಬದಲು ರಕುಲ್ ಮುಖ ನೋಡ್ತಾ ನೋಡಿ. ಆದರೆ ಇದು ಬಿಟ್ಟುಹೋಗುವ ಅಭಿರುಚಿಯ ಬಗ್ಗೆ ನನಗೆ ನಿಜಕ್ಕೂ ಚಿಂತೆ ಇದೆ. ಗುಬ್ಬಿಯಿಂದ ಹೊರಡುವ ಹೆಲಿಕಾಪ್ಟರುಗಳು ಹಾರಬೇಕಾದದ್ದು ಹಿಮಾಲಯದಂಥ ಕಡೆ, ನಿಮಿಷಕ್ಕೊಂದು ಬಣ್ಣ ತಿರುಗುವ ಹವೆಯಲ್ಲಿ. ಅಲ್ಲಿ ಮೋಡ ಕಂಡು ‘ಬೇಡ, ವಾಪಸ್ ಹೋಗೋಣ’ ಅನ್ನುವ ಪೈಲಟ್‌ನ ಮೇಲೆ ಯಾರೂ ಸಿನಿಮಾ ಮಾಡೋದಿಲ್ಲ. ಹಿಂದೆ ಕೂತ ದೊಡ್ಡ ಮನುಷ್ಯರು ಗೊಣಗುತ್ತಾರೆ, ಕಾರ್ಯಕ್ರಮ ತಪ್ಪುತ್ತದೆ. ಬೆಂಗಳೂರಿನ ಮಂಜಿಗೆ ವಿಮಾನ ಚೆನ್ನೈಗೆ ತಿರುಗಿದರೆ ನಾವೂ ಮಾಡೋದು ಅದೇ, ಏರ್‌ಲೈನ್‌ಗೆ ಬೈದು ಟ್ವೀಟು. ನುಗ್ಗಿದವನಿಗೆ ಚಪ್ಪಾಳೆ, ಹಿಂದಿರುಗಿದವನಿಗೆ ಬೈಗುಳ ಅನ್ನೋ ಈ ರೂಢಿ ಕಾಕ್‌ಪಿಟ್ಟಿನ ಒಳಗೂ ಕೇಳಿಸುತ್ತದೆ. ‘ರನ್‌ವೇ 34’ ಆ ಚಪ್ಪಾಳೆಯನ್ನು ಇನ್ನಷ್ಟು ಜೋರು ಮಾಡಿದೆ.