ಭಜ್ಜಿಯ ರುಚಿ ಪಂಚಾಂಗದ ಕೈಯಲ್ಲಿ

ಎಳ್ಳಮಾವಾಸ್ಯೆಯ ಭಜ್ಜಿ ಎಲೆಗೆ ಬಿದ್ದೊಡನೆ ರುಚಿ ಬಲ್ಲವರು ನೋಡುವುದು ಕಡಲೆಹಿಟ್ಟು ಎಷ್ಟಿದೆ ಎಂಬುದನ್ನು. ಹಿಟ್ಟು ಹೆಚ್ಚಾದರೆ ಅದು ಝುಣಕವಾಗುತ್ತದೆ, ಕಾಳು–ಸೊಪ್ಪಿನ ರುಚಿ ನಾಲಿಗೆಗೆ ಸಿಗುವುದೇ ಇಲ್ಲ. ಬೀದರ್, ಭಾಲ್ಕಿ, ಔರಾದ್ ಕಡೆಯ ಈ ಭಜ್ಜಿ ಎಣ್ಣೆಯಲ್ಲಿ ಕರಿದ ತಿಂಡಿಯಲ್ಲ, ಹೊಲದ ಬೆಳೆಯೆಲ್ಲ ಒಂದೇ ಪಾತ್ರೆಯಲ್ಲಿ ಕುದಿದ ಗಟ್ಟಿ ಪಲ್ಯ.

ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ ಬಿಡಿಸುವುದೇ ಹಿಂದಿನ ದಿನದ ದೊಡ್ಡ ಕೆಲಸ. ಅದಕ್ಕೆ ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆಕಾಯಿ ಸೇರುತ್ತವೆ. ಎಲ್ಲ ಬೆಂದ ಮೇಲೆ ಹುಣಸೆಹುಳಿ, ಜಜ್ಜಿದ ಹಸಿಮೆಣಸಿನಕಾಯಿ. ನೀರಲ್ಲಿ ಕದಡಿದ ಕಡಲೆಹಿಟ್ಟನ್ನು ಸಣ್ಣಗೆ ಹೊಯ್ಯುತ್ತ, ತಳ ಹತ್ತದಂತೆ ತಿರುವುತ್ತ ಇರಬೇಕು. ಕೊನೆಗೆ ಬೆಳ್ಳುಳ್ಳಿ ಒಗ್ಗರಣೆ. ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಮಜ್ಜಿಗೆ ಬೆರೆಸಿದ ಅಂಬಲಿ.

ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಪೈರಿಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲಿದ ಮೇಲೆಯೇ ಊಟ. ಬೀದರ್ ನಗರದಲ್ಲಿ ಹೊಲವಿಲ್ಲದವರನ್ನು ನೆಂಟರು, ಗೆಳೆಯರು ಕರೆದೊಯ್ಯುತ್ತಾರೆ.

ಇಷ್ಟಾದರೂ ಭಜ್ಜಿ ಎಲ್ಲ ವರ್ಷವೂ ಒಂದೇ ಥರ ಇರುವುದಿಲ್ಲ. ಎಳ್ಳಮಾವಾಸ್ಯೆ, ಅಂದರೆ ಮಾರ್ಗಶಿರ ಅಮಾವಾಸ್ಯೆ, ಬೇಗ ಬಂದರೆ ತೊಗರಿ ಇನ್ನೂ ಹಸಿರಾಗಿರುತ್ತದೆ, ಕಡಲೆ ಮಾತ್ರ ಕಾಯಿ ಕಟ್ಟುವ ಹಂತದಲ್ಲಿರುತ್ತದೆ. ತಡವಾದರೆ ತೊಗರಿ ಒಣಗತೊಡಗಿ ಕಡಲೆ ತುಂಬಿ ನಿಲ್ಲುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದ ಹಬ್ಬ 2024ರ ಜನವರಿ 11ಕ್ಕೆ ಸರಿಯಿತು. ಅದೇ ವರ್ಷ ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂದುಹೋಯಿತು. ಅಡುಗೆಯ ಅಳತೆ ಹೇಳಿಕೊಡುವವರು ಇದನ್ನು ಮರೆಯಬಾರದು. ಶೈತ್ಯಾಗಾರದ ಬಟಾಣಿ ಸುರಿದು ವರ್ಷವಿಡೀ ಮಾಡುವ ಪಲ್ಯಕ್ಕೆ ಈ ಏರಿಳಿತವೇ ಇಲ್ಲ.

ಉಳಿದ ಭಜ್ಜಿಯನ್ನು ಮರುದಿನ ಬಿಸಿ ಮಾಡಿ ಉಣ್ಣುವ ಸುಖವೇ ಬೇರೆ, ಹುಳಿ ಕಾಳಿನೊಳಕ್ಕೆ ಇಳಿದಿರುತ್ತದೆ. ತಂಗಳಿಗೆ ಹಬ್ಬದ ಮರ್ಯಾದೆ ಕೊಟ್ಟವರು ಬಿಹಾರದ ಮೈಥಿಲರು: ಏಪ್ರಿಲ್ ನಡುವಿನ ಜುಡ್ ಶೀತಲ್ ದಿನ ಒಲೆ ಹಚ್ಚದೆ, ಹಿಂದಿನ ದಿನ ಮಾಡಿಟ್ಟ ಕಢಿ–ಬಡಿ ಎಂಬ ಮಜ್ಜಿಗೆ ಸಾರು, ಅನ್ನ ಉಂಡು, ಗಿಡಮರಗಳ ಬುಡಕ್ಕೆ ನೀರೆರೆಯುತ್ತಾರೆ.

2026ರಲ್ಲಿ ಅಧಿಕ ಜ್ಯೇಷ್ಠ. ಹೀಗಾಗಿ ಆ ವರ್ಷದ ಕ್ಯಾಲೆಂಡರಿನಲ್ಲಿ ಎಳ್ಳಮಾವಾಸ್ಯೆಯೇ ಇಲ್ಲ, ಹಬ್ಬ 2027ರ ಜನವರಿಗೆ ಹೋಗುತ್ತದೆ. ಆ ಹೊತ್ತಿಗೆ ಔರಾದ್ ಕಡೆಯ ಕಪ್ಪು ಹೊಲಗಳಲ್ಲಿ ಕಡಲೆ ಕಾಳು ತುಂಬಿರುತ್ತದೆ; ಭಜ್ಜಿಗೆ ಹಿಟ್ಟು ಒಂದು ಹಿಡಿ ಕಡಿಮೆ ಸಾಕು.