ಫೇರೋನ ಶಾಪ: ಒಂದೇ ಬದಿಯ ಲೆಕ್ಕ

ಪ್ರಸಿದ್ಧರ ಮರಣವು ಸಾಮಾನ್ಯ ಕಾರಣದಿಂದ ಸಂಭವಿಸಿತೆಂದರೆ ಜನಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಜ್ವರ, ನಂಜು, ಅಪಘಾತ ಇವು ನೆರೆಮನೆಯವನ ಸಾವಿಗೆ ಸಾಕು. ದೊರೆಯ ಅಥವಾ ಧನಿಕನ ಸಾವಿಗೆ ಗೂಢವಾದ ಬೇರೊಂದು ಕಾರಣ ಬೇಕೆನಿಸುತ್ತದೆ. ಇಂಥ ಕಥೆಗಳ ಪೈಕಿ ಲೋಕವನ್ನೆಲ್ಲ ಸುತ್ತಿ ಬಂದದ್ದು ಈಜಿಪ್ಟಿನ ದೊರೆ ಟುಟಾಂಖಾಮನ್‌ನ ಶಾಪದ ಕಥೆ. ಅದನ್ನು ನಂಬುವವರೂ ನಗುವವರೂ ಇದ್ದಾರೆ. ಆದರೆ ಅದರ ಲೆಕ್ಕವನ್ನು ತಾಳೆ ನೋಡಿದವರು ವಿರಳ.

1922ರ ನವೆಂಬರ್ 4ರಂದು ಲಕ್ಸರ್ ಬಳಿಯ ರಾಜರ ಕಣಿವೆಯಲ್ಲಿ ಹೊವಾರ್ಡ್ ಕಾರ್ಟರ್‌ನ ಕೆಲಸಗಾರರಿಗೆ ಕಲ್ಲಿನ ಮೆಟ್ಟಿಲೊಂದು ಗೋಚರಿಸಿತು. ಉತ್ಖನನಕ್ಕೆ ಹಣ ಕೊಟ್ಟವನು ಇಂಗ್ಲೆಂಡಿನ ಜಮೀನ್ದಾರ ಲಾರ್ಡ್ ಕಾರ್ನಾರ್ವನ್. ಮುಂದಿನ ಫೆಬ್ರವರಿಯಲ್ಲಿ ಶವದ ಕೋಣೆ ತೆರೆಯಿತು. 1923ರ ಏಪ್ರಿಲ್ 5ರಂದು ಕೈರೋದಲ್ಲಿ ಕಾರ್ನಾರ್ವನ್ ತೀರಿಕೊಂಡನು. ಕೆನ್ನೆಯ ಮೇಲಿನ ಸೊಳ್ಳೆಕಡಿತವನ್ನು ಕ್ಷೌರದ ಕತ್ತಿ ಕೊಯ್ದು, ಗಾಯ ನಂಜಾಗಿ, ಕೊನೆಗೆ ನ್ಯುಮೋನಿಯಾ ತಗುಲಿತು. ಅವನಿಗೆ ಆಗ 56 ವರ್ಷ. ಹಿಂದೆ ಜರ್ಮನಿಯಲ್ಲಾದ ಮೋಟಾರು ಅಪಘಾತದಿಂದ ಅವನ ದೇಹ ಮೊದಲೇ ಜರ್ಜರಿತವಾಗಿತ್ತು. ಚಳಿಗಾಲ ಕಳೆಯಲು ಅವನು ಈಜಿಪ್ಟಿಗೆ ಹೋಗತೊಡಗಿದ್ದೇ ಆರೋಗ್ಯದ ಕಾರಣಕ್ಕಾಗಿ. ಪೆನಿಸಿಲಿನ್ನಿನ ಗುಣ ಗೋಚರಕ್ಕೆ ಬಂದದ್ದು 1928ರಲ್ಲಿ. ಅದಕ್ಕೆ ಮುಂಚೆ ಸಣ್ಣ ಗಾಯವೂ ಪ್ರಾಣಾಂತಕವಾಗುವುದು ಯಾವ ವೈದ್ಯನಿಗೂ ಆಶ್ಚರ್ಯದ ಸಂಗತಿಯಲ್ಲ.

ಹಾಗಾದರೆ ಶಾಪ ಎಲ್ಲಿಂದ ಬಂದಿತು? ಇಲ್ಲಿ ವ್ಯಾಪಾರದ ಒಂದು ಸಂಗತಿಯನ್ನು ಮರೆಯಬಾರದು. ಗೋರಿಯ ಸುದ್ದಿಯನ್ನು ಪ್ರಕಟಿಸುವ ಏಕಸ್ವಾಮ್ಯವನ್ನು ಕಾರ್ನಾರ್ವನ್ 1923ರ ಜನವರಿಯಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ 5,000 ಪೌಂಡು ಹಾಗೂ ಮುಂದಿನ ಲಾಭದ ಪಾಲಿಗೆ ಮಾರಿದ್ದನು. ಈಜಿಪ್ಟಿನ ಪತ್ರಿಕೆಗಳೂ ತಮ್ಮ ನೆಲದ ಸುದ್ದಿಯನ್ನು ಲಂಡನ್ನಿನಿಂದ ಪಡೆಯಬೇಕಾಯಿತು. ಗೋರಿಯ ಬಾಗಿಲಲ್ಲಿ ಬರಿಗೈಯಲ್ಲಿ ನಿಂತ ವರದಿಗಾರರಿಗೆ ಕಾರ್ನಾರ್ವನ್ನನ ಕಾಯಿಲೆ ಯಾರ ಅಪ್ಪಣೆಯೂ ಬೇಡದ ಸರಕಾಯಿತು. ಕಾದಂಬರಿಗಾರ್ತಿ ಮೇರಿ ಕೊರೆಲಿ ಗೋರಿ ಹೊಕ್ಕವರಿಗೆ ಘೋರ ಶಿಕ್ಷೆ ತಪ್ಪದೆಂದು ಮೊದಲೇ ಪತ್ರಿಕೆಗೆ ಬರೆದಿದ್ದಳು. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್, ಪುರಾತನ ಪುರೋಹಿತರು ಕಾವಲಿಟ್ಟ ಭೂತಗಳ ಕೆಲಸವಿರಬಹುದೆಂದನು. ಸುಳಿವನ್ನು ತೂಗಿ ನೋಡುವ ಪತ್ತೇದಾರನ ಜನಕ ಇಲ್ಲಿ ತಕ್ಕಡಿಯನ್ನೇ ಕೆಳಗಿಟ್ಟದ್ದು ವಿಚಿತ್ರ. ಗೋರಿಯ ಬಾಗಿಲ ಮೇಲೆ ಕೆತ್ತಿತ್ತೆಂದು ಹೇಳಲಾಗುವ ಶಾಪವಾಕ್ಯವಂತೂ ಅಲ್ಲಿ ಇರಲೇ ಇಲ್ಲ.

ಕಾಕತಾಳೀಯಗಳ ಮಾತು. ಅವನು ಪ್ರಾಣಬಿಟ್ಟ ಗಳಿಗೆಯಲ್ಲಿ ಕೈರೋದ ದೀಪಗಳು ಆರಿದವೆನ್ನುತ್ತಾರೆ. ಆ ಕಾಲದ ಕೈರೋದಲ್ಲಿ ದೀಪ ಆರುವುದು ಅಪರೂಪವಲ್ಲ. ಅದೇ ಗಳಿಗೆಯಲ್ಲಿ ಇಂಗ್ಲೆಂಡಿನ ಹೈಕ್ಲೇರ್ ಭವನದಲ್ಲಿ ಅವನ ನಾಯಿ ಊಳಿಟ್ಟು ಸತ್ತಿತಂತೆ. ಇದನ್ನು ಪ್ರಚಾರಕ್ಕೆ ತಂದವನು ಅವನ ಮಗ. ಆತ ಭಾರತದಲ್ಲಿ ಸೈನ್ಯದ ಸೇವೆಯಲ್ಲಿದ್ದು ಅಲ್ಲಿಂದ ಕೈರೋಗೆ ಧಾವಿಸಿ ಬಂದವನು, ಆ ರಾತ್ರಿ ಹೈಕ್ಲೇರ್‌ನಲ್ಲಿ ಇದ್ದವನಲ್ಲ.

ಬಳಿಕ ಯಾರು ಸತ್ತರೂ ಹೆಸರು ಶಾಪದ ಖಾತೆಗೆ ಏರತೊಡಗಿತು. ಕಾರ್ನಾರ್ವನ್ನನ ಮಲಸಹೋದರ ಆಬ್ರಿ ಹರ್ಬರ್ಟ್ ಅದೇ ಸೆಪ್ಟೆಂಬರಿನಲ್ಲಿ ಸತ್ತನು. ಕುರುಡಾಗುತ್ತಿದ್ದ ಅವನು, ಹಲ್ಲು ಕೀಳಿಸಿದರೆ ದೃಷ್ಟಿ ಮರಳೀತೆಂಬ ವೈದ್ಯರ ಸಲಹೆ ನಂಬಿ ಹಲ್ಲು ಕೀಳಿಸಿಕೊಂಡು ರಕ್ತ ನಂಜಾಗಿ ಹೋದವನು. ಕಾರ್ಟರನ ಕಾರ್ಯದರ್ಶಿಯಾಗಿದ್ದ ರಿಚರ್ಡ್ ಬೆಥೆಲ್ 1929ರಲ್ಲಿ ಮಡಿದನು. ಕೆಲವೇ ತಿಂಗಳಲ್ಲಿ, 1930ರ ಫೆಬ್ರವರಿಯಲ್ಲಿ, ಅವನ ವೃದ್ಧ ತಂದೆ ಲಾರ್ಡ್ ವೆಸ್ಟ್‌ಬರಿ ಲಂಡನ್ನಿನ ತನ್ನ ಮನೆಯ ಎತ್ತರದ ಕಿಟಕಿಯಿಂದ ಹಾರಿ ಪ್ರಾಣ ಕಳೆದುಕೊಂಡನು. ಮಗನನ್ನು ಕಳೆದುಕೊಂಡ ಮುದುಕನ ಸಂಕಟ ಎಂಥದೆಂದು ಕೇಳುವ ಗೋಜಿಗೆ ಹೋಗದೆ ಪತ್ರಿಕೆಗಳು ಅವನನ್ನೂ ಶಾಪದ ಬಲಿಗಳ ಸಾಲಿನಲ್ಲಿ ನಿಲ್ಲಿಸಿದವು. ಈ ಕಥೆಯ ಅನ್ಯಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಒಂದು ಮನೆಯ ದುಃಖ ಮತ್ತೊಬ್ಬರ ಮನರಂಜನೆಗೆ ಕಚ್ಚಾಸಾಮಗ್ರಿಯಾಯಿತು.

ಖಾತೆಯ ಇನ್ನೊಂದು ಬದಿಯನ್ನು ಬರೆದವನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಹರ್ಬರ್ಟ್ ವಿನ್ಲಾಕ್. 1934ರಲ್ಲಿ ಅವನು ಲೆಕ್ಕ ಹಾಕಿದಂತೆ, ಗೋರಿ ತೆರೆದಾಗ ಇದ್ದ 26 ಮಂದಿಯಲ್ಲಿ ದಶಕದೊಳಗೆ ಸತ್ತವರು 6. ಕಲ್ಲಿನ ಶವಪೆಟ್ಟಿಗೆ ತೆರೆದಾಗ ಇದ್ದ 22 ಮಂದಿಯಲ್ಲಿ 2. ಶವದ ಸುತ್ತುಬಟ್ಟೆ ಬಿಚ್ಚುವುದನ್ನು ಕಂಡ 10 ಮಂದಿಯಲ್ಲಿ ಒಬ್ಬರೂ ಇಲ್ಲ. ಶಾಪವಿದ್ದರೆ ಶವದ ಸಮೀಪಕ್ಕೆ ಹೋದಷ್ಟೂ ಅದು ತೀವ್ರವಾಗಬೇಕಿತ್ತು. ಎಲ್ಲಕ್ಕೂ ಹೊಣೆಗಾರನಾದ ಕಾರ್ಟರ್ 1939ರವರೆಗೆ ಬದುಕಿದನು. ತಂದೆಯೊಡನೆ ಒಳಹೊಕ್ಕ ಲೇಡಿ ಎವೆಲಿನ್ 1980ರವರೆಗೆ, ಶಾಸನಗಳನ್ನು ಓದಿದ ಅಲನ್ ಗಾರ್ಡಿನರ್ 1963ರವರೆಗೆ ಬಾಳಿದರು. 2002ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಅಧ್ಯಯನವೊಂದು ಆಗ ಈಜಿಪ್ಟಿನಲ್ಲಿದ್ದ 44 ಮಂದಿ ಪಾಶ್ಚಾತ್ಯರನ್ನು ಪರಿಶೀಲಿಸಿತು. ಗೋರಿಯ ಸಂಪರ್ಕಕ್ಕೆ ಬಂದ 25 ಮಂದಿಯ ಸರಾಸರಿ ಆಯುಷ್ಯ 70 ವರ್ಷ, ಬಾರದವರದು 75. ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರಕ್ಕೆ ಅರ್ಥವಿಲ್ಲವೆಂದು ಅಧ್ಯಯನ ತೀರ್ಮಾನಿಸಿತು. ಎಪ್ಪತ್ತು ವರ್ಷ ಬಾಳಿಸುವ ಶಾಪವನ್ನು ಆ ಕಾಲದ ಅನೇಕರು ವರವೆಂದೇ ಬೇಡಿಕೊಂಡಾರು!

ಪ್ರಾಚೀನ ಈಜಿಪ್ಟಿನವರ ದೃಷ್ಟಿಯಿಂದ ನೋಡಿದರಂತೂ ಕಥೆ ತಲೆಕೆಳಗಾಗುತ್ತದೆ. ಹೆಸರು ಉಳಿದರೆ ಸತ್ತವನು ಬದುಕುತ್ತಾನೆಂಬುದು ಅವರ ನಂಬಿಕೆ. ಟುಟಾಂಖಾಮನ್‌ನ ಹೆಸರನ್ನು ನಂತರದ ದೊರೆಗಳು ಸ್ಮಾರಕಗಳಿಂದ ಅಳಿಸಿದ್ದರು. ಅಬಿಡೋಸ್‌ನ ರಾಜರ ಪಟ್ಟಿಯಲ್ಲಿ ಅವನಿಲ್ಲ. ಹದಿಹರೆಯ ಕಳೆಯುವಷ್ಟರಲ್ಲೇ ಸತ್ತ ಆ ಬಾಲರಾಜನ ಹೆಸರನ್ನು ಮೂರು ಸಾವಿರ ವರ್ಷಗಳ ತರುವಾಯ ಲೋಕದ ನಾಲಗೆಯ ಮೇಲೆ ತಂದವರನ್ನೇ ಅವನು ಏಕೆ ಕೊಲ್ಲಬೇಕು? ಈ ಪ್ರಶ್ನೆಯನ್ನು ಶಾಪದ ಗ್ರಂಥಗಳು ಎತ್ತುವುದಿಲ್ಲ.

ಇನ್ನೊಂದು ಲೋಪವಿದೆ. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತವರು, ಕಗ್ಗತ್ತಲ ಓಣಿಯಲ್ಲಿ ಮೊದಲು ಗುದ್ದಲಿ ಹಾಕಿದವರು ಆ ಸೀಮೆಯ ಕೂಲಿಗಳು. ಅವರ ಮೇಸ್ತ್ರಿ ಅಹ್ಮದ್ ಗೆರಿಗರ್ ಮತ್ತು ಇತರ ಕೆಲವರ ಹೆಸರನ್ನು ಕಾರ್ಟರ್ ಕೃತಜ್ಞತೆಯಿಂದ ದಾಖಲಿಸಿದ್ದಾನೆ. ಶಾಪದ ಪಟ್ಟಿಗಳಲ್ಲಿ ಲಾರ್ಡುಗಳೂ ಅಮೆರಿಕದ ಕೋಟ್ಯಧಿಪತಿಗಳೂ ಇದ್ದಾರೆ, ಈ ಜನರಿಲ್ಲ. 2002ರ ಅಧ್ಯಯನದ ಎಣಿಕೆಯೂ ಪಾಶ್ಚಾತ್ಯರಿಗೇ ಸೀಮಿತ. ಬುಟ್ಟಿ ಹೊತ್ತವರಲ್ಲಿ ಯಾರು ಎಷ್ಟು ವರ್ಷ ಬದುಕಿದರೆಂದು ಆ ಪತ್ರಿಕೆಗಳು ಕೇಳಲಿಲ್ಲ.